ಇಂಜಿನ್ ತೆಗೆ

ಲಕ್ಕವಳ್ಳಿ, ತರೀಕೆರೆ ತಾಲ್ಲೂಕು
12 ನವೆಂಬರ್ 1961

ಅಜ್ಜಂಪುರದ ಬೆನಕಪ್ಪ ಭಾವನಿಗೆ ಶಿವಮೂರ್ತಪ್ಪನ ಶರಣು. ನಾನೂ ನಿಮ್ಮ ತಂಗಿ ಮಲ್ಲಿಕಾಂಬಳೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದಿರುವುದು ನಿಮ್ಮ ಇಂಜಿನ್.

ಹಿಂದಿನ ನಾಲ್ಕು ವಾರಗಳಲ್ಲಿ ಅದು ಮೂರು ಸಲ ನಡುನೀರಿನಲ್ಲಿ ನಿಂತಿದೆ. ಇಲ್ಲಿ ಹಿನ್ನೀರಿನ ಅಗಲ ಒಂದೂವರೆ ಮೈಲಿ. ಎರಡನೆಯ ಸಲ ದೋಣಿಯಲ್ಲಿ ಹದಿನೇಳು ಜನ, ಎರಡು ಮೂಟೆ ರಾಗಿ ಮತ್ತು ಗುಡ್ಡದಹಟ್ಟಿಯ ಕಲ್ಲಮ್ಮನ ಮೇಕೆ ಇತ್ತು. ಗಾಳಿ ಇದ್ದುದರಿಂದ ಹಾಯಿ ಬಿಚ್ಚಿ ದಡ ಸೇರಿದೆವು. ಕಲ್ಲಮ್ಮ ಎಲ್ಲರ ಮುಂದೆ, “ಏನಪ್ಪಾ ಶಿವಮೂರ್ತಿ, ನಿನ್ ಭಾವನ ಇಂಜಿನ್ನು ಮತ್ತೆ ಮುನಿಸ್ಕಂತಾ? ನನ್ ಸೊಸೆನೂ ಇಷ್ಟು ಮುನಿಸ್ಕಣಲ್ಲ ಕಣೋ” ಎಂದಳು. ಜನ ನಕ್ಕರು. ನನಗೆ ನಗು ಬರಲಿಲ್ಲ.

ಮಾರ್ಚ್ ಒಂದನೇ ತಾರೀಕು ಜಲಾಶಯದ ಕಚೇರಿಯ ಸಾಹೇಬರು ಬಂದು ಜನರನ್ನು ದಾಟಿಸುವ ಈ ಕಡವಿನ ದೋಣಿಯನ್ನು ಪರೀಕ್ಷೆ ಮಾಡುತ್ತಾರೆ. ತುಂಬಿದ ದೋಣಿ ಒಂದು ಗಂಟೆಯೊಳಗೆ ಆಚೆ ದಡಕ್ಕೆ ಹೋಗಿ ಹಿಂದಿರುಗಬೇಕು. ಆಗದಿದ್ದರೆ ಕಡವು ಬೇರೆಯವರಿಗೆ ಹೋಗುತ್ತದೆ. ದೋಣಿ ನನ್ನದು, ಇಂಜಿನ್ ನಿಮ್ಮದು. ಇಂಜಿನ್ ಯಾರದೋ ಪರವಾನಗಿ ಅವರದು ಎಂಬುದು ಇಲ್ಲಿಯ ನಿಯಮ. ಹಾಗಾಗಿ ಪರವಾನಗಿ ನಿಮ್ಮ ಹೆಸರಿನಲ್ಲಿದೆ, ಮತ್ತು ನಿಮ್ಮ ಒಪ್ಪಿಗೆ ಇಲ್ಲದೆ ನಾನು ಒಂದು ತಿರುಪನ್ನೂ ಬದಲಾಯಿಸುವಂತಿಲ್ಲ.

ಹೊಸ ಇಂಜಿನ್ ಹಾಕಿಸಲು ಒಪ್ಪಿಗೆ ಕೊಡಿ. ಕಡವು ಕೈಬಿಟ್ಟರೆ ನಾನು ಅಜ್ಜಂಪುರಕ್ಕೆ ಬಂದು ನಿಮ್ಮ ಕಡಲೆಕಾಯಿ ಮಂಡಿಯಲ್ಲಿ ನೀವು ಹೇಳಿದ ಕಡೆ ಕೂರಬೇಕಾಗುತ್ತದೆ. ಅದು ನನಗೆ ಬೇಡವೆಂದೇ ಏಳು ವರ್ಷದ ಹಿಂದೆ ಊರು ಬಿಟ್ಟು ಬಂದವನು ನಾನು. ನಿಮಗೂ ಗೊತ್ತಿದೆ.

ಶಿವಮೂರ್ತಪ್ಪ


ಅಜ್ಜಂಪುರ
20 ನವೆಂಬರ್ 1961

ಶಿವಮೂರ್ತಪ್ಪನಿಗೆ,

ನಿನ್ನ ಕಾಗದ ತಲುಪಿತು. ತಪ್ಪು ಇಂಜಿನ್ನಿನದೋ ನಿನ್ನದೋ ಎಂದು ತಿಳಿಯಲು ಎರಡು ಸಲ ಓದಿದೆ. ನಿನ್ನದು.

ಆ ಇಂಜಿನ್ನನ್ನು ಇಲ್ಲಿನ ಹತ್ತಿ ಗಿರಣಿಯಲ್ಲಿ ಹದಿನಾರು ವರ್ಷ ನಡೆಸಿದವನು ನಾನು. ಒಂದು ದಿನವೂ ಸ್ಪ್ಯಾನರ್ ಮುಟ್ಟಿಸಿದ್ದಿಲ್ಲ. ಗಿರಣಿಗೆ ಕರೆಂಟು ಬಂದು, ಒಡೆಯರು ಅದನ್ನು ನನಗೇ ಬಿಟ್ಟುಕೊಟ್ಟಾಗ ಊರಿನವರೆಲ್ಲ ಕೇಳಿದರು. ಯಾರಿಗೂ ಕೊಡದೆ ನಿನ್ನ ದೋಣಿಗೆ ತಂದು ಕೂರಿಸಿದೆ. ಅಣೆಕಟ್ಟಿನ ಇಂಜಿನಿಯರೊಬ್ಬರು ಮೋಜಿಗೆಂದು ಮಾಡಿಸಿಕೊಂಡು, ವರ್ಗವಾದಾಗ ಹರಾಜಿಗೆ ಬಿಟ್ಟುಹೋದ ಹಾಯಿದೋಣಿ ಅದು. ನನ್ನ ಇಂಜಿನ್ ಬರುವವರೆಗೆ ಅದರಲ್ಲಿ ಕಾಗೆ ಕೂರುತ್ತಿತ್ತು.

ಸೀಮೆಎಣ್ಣೆಯನ್ನು ಪಂಚೆಯ ಬಟ್ಟೆ ಎರಡು ಪದರ ಮಾಡಿ ಸೋಸು. ಪೆಟ್ರೋಲಿನಲ್ಲಿ ಶುರು ಮಾಡಿ, ಮೈ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸು. ಇಷ್ಟನ್ನು ನಿನಗೆ ಮೂರು ಸಲ ತೋರಿಸಿದ್ದೇನೆ. ಆಗ ನೀನು ಹಾಯಿಯ ಹಗ್ಗ ನೋಡುತ್ತಿದ್ದೆ.

ಹೊಸದು ಬೇಕಿಲ್ಲ. ಕಡೂರಿನ ಮೇಸ್ತ್ರಿಗಳ ಕೈಗೆ ಅದನ್ನು ಕೊಡಲೂ ಬೇಡ. ಯಾರೂ ಬಿಚ್ಚಕೂಡದು. ನಡೆಸಲು ಬಾರದಿದ್ದರೆ ಮಂಡಿಯಲ್ಲಿ ಜಾಗವಿದೆ, ಬಾ. ನನ್ನ ತಕ್ಕಡಿ ನಡುನೀರಿನಲ್ಲಿ ನಿಲ್ಲುವುದಿಲ್ಲ.

ಬೆನಕಪ್ಪ


ಲಕ್ಕವಳ್ಳಿ
4 ಡಿಸೆಂಬರ್ 1961

ಭಾವನಿಗೆ,

ಎಣ್ಣೆ ಸೋಸಿದೆ. ನಿಮ್ಮ ತಂಗಿಯ ಹೊಸ ಸೀರೆಯ ಸೆರಗಿನಲ್ಲಿ ಬೇಕಾದರೂ ಸೋಸುತ್ತೇನೆ, ಅದರಿಂದ ಏನೂ ಆಗುವುದಿಲ್ಲ. ಬೇಡವೆಂದು ನೀವು ಬರೆದ ಮೇಲೆ ಅನುಮಾನ ಬಂದು ಕಡೂರಿಗೇ ಹೋದೆ. ಪಂಪ್‌ಸೆಟ್ ರಿಪೇರಿಯ ತಿಮ್ಮರಾಯಪ್ಪನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದೆ. ಅವನು ಇಂಜಿನ್ನಿನ ಪಕ್ಕದ ಹಸಿರು ಬಣ್ಣವನ್ನು ಉಳಿಯಿಂದ ಕೆರೆದ. ಕೆರೆದು ನನ್ನ ಮುಖ ನೋಡಿದ.

“ಯಾರು ಕಣ್ರೀ ಇದನ್ನ ನಡೆಸ್ತಿದ್ದೋರು? ಮೇಲೆ ಬಣ್ಣ ಹೊಡೆದು ಮದುವೆಗಂಡು ಮಾಡವ್ರೆ. ಒಳಗೆ ತೇಪೆ!”

ತಣ್ಣೀರು ಹರಿಯುವ ಗೋಡೆ ಒಂದು ಗೇಣು ಉದ್ದ ಸೀಳಿದೆ. ಸೀಳಿನ ಮೇಲೆ ತಾಮ್ರದ ತಗಡು, ಆರು ತಿರುಪು. ಬಿಸಿಯಾದಾಗಲೆಲ್ಲ ತೇಪೆ ಬಾಯಿ ಬಿಡುತ್ತದೆ, ಇಂಜಿನ್ ನಿಲ್ಲುತ್ತದೆ. ನೀರಿಲ್ಲದೆ ಓಡಿಸಿದರೆ ಮಾತ್ರ ಹೀಗೆ ಸೀಳುತ್ತದೆ, ತೇಪೆ ಹತ್ತು ವರ್ಷಕ್ಕೂ ಹಳೆಯದು ಎಂದು ತಿಮ್ಮರಾಯಪ್ಪ ಹೇಳುತ್ತಾನೆ. ನನ್ನ ದೋಣಿಗೆ ಅದು ಬಂದು ಮೂರು ವರ್ಷ. ಅದಕ್ಕೆ ಮುಂಚೆ ಒಂದು ದಿನವೂ ಸ್ಪ್ಯಾನರ್ ಮುಟ್ಟಿಸದವರ ಕೈಯಲ್ಲಿತ್ತು.

ತೇಪೆ ಯಾರು ಹಾಕಿದರು? ಮರುಟಪಾಲಿಗೆ ಬರೆಯಿರಿ.

ಶಿವಮೂರ್ತಪ್ಪ


ಲಕ್ಕವಳ್ಳಿ
9 ಜನವರಿ 1962

ಭಾವನಿಗೆ,

ಐದು ವಾರವಾಯಿತು. ಅಜ್ಜಂಪುರದಲ್ಲಿ ಅಂಚೆ ಕಚೇರಿ ಮುಚ್ಚಿಲ್ಲವೆಂದು ನನಗೆ ಗೊತ್ತು, ಏಕೆಂದರೆ ಸಂಕ್ರಾಂತಿಗೆ ಎಳ್ಳು ಬೆಲ್ಲ ಕಟ್ಟಿ ನಿಮ್ಮ ತಂಗಿಗೆ ಪಾರ್ಸೆಲ್ ಕಳಿಸಿದ್ದೀರಿ. ಅದರಲ್ಲಿ ನನ್ನ ಪ್ರಶ್ನೆಗೆ ಉತ್ತರವಿತ್ತೇನೋ ಎಂದು ಕೊಬ್ಬರಿ ಹೋಳುಗಳ ನಡುವೆಯೂ ಹುಡುಕಿದೆ.

ಮೊದಲ ಕಾಗದದಲ್ಲಿ ನಾನು ಬರೆಯದ ಒಂದು ವಿಷಯವಿದೆ. ಮೂರನೆಯ ಸಲ ಇಂಜಿನ್ ನಿಂತಾಗ ದೋಣಿಯಲ್ಲಿ ಮಲ್ಲಿಕಾಂಬ ಇದ್ದಳು. ಆ ದಿನ ಗಾಳಿ ಇರಲಿಲ್ಲ. ಹಾಯಿ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಬಿಸಿಲಿನಲ್ಲಿ ಮೂರು ಗಂಟೆ ನೀರಿನ ನಡುವೆ ಕೂತಿದ್ದೆವು. ಬಗ್ಗಿ ನೀರು ಕುಡಿಯಲು ಹೋದ ಒಬ್ಬ ಮುದುಕ ಜಾರಿದ, ಅವನ ಅಂಗಿ ಹಿಡಿದು ಎಳೆದುಕೊಂಡವಳು ಅವಳು. ‘ಅಣ್ಣನಿಗೆ ಬರೀಬ್ಯಾಡಿ’ ಎಂದಳು, ಬರೆಯಲಿಲ್ಲ. ಈಗ ಬರೆದಿದ್ದೇನೆ.

ಪರೀಕ್ಷೆಗೆ ಏಳು ವಾರ ಉಳಿದಿದೆ. ಒಪ್ಪುತ್ತೀರೋ ಇಲ್ಲವೋ, ಒಂದೇ ಮಾತಿನಲ್ಲಿ ತಿಳಿಸಿ.

ಶಿವಮೂರ್ತಪ್ಪ


(ಕಾರ್ಡು)
ಅಜ್ಜಂಪುರ
17 ಜನವರಿ 1962

ಶಿವಮೂರ್ತಪ್ಪನಿಗೆ. ಇಂಜಿನ್ ತೆಗೆ. ಇನ್ನು ಆ ವಿಷಯ ಬರೆಯಬೇಡ.

ಬೆನಕಪ್ಪ


ಲಕ್ಕವಳ್ಳಿ
25 ಜನವರಿ 1962

ಶ್ರೀ ಬೆನಕಪ್ಪನವರಿಗೆ,

ತಮ್ಮ ಅಪ್ಪಣೆಯಂತೆ ಇಂಜಿನ್ ತೆಗೆದಿದ್ದೇನೆ. ನಾಲ್ಕು ಆಳು, ಎರಡು ಬೊಂಬು, ಒಂದು ಹಗ್ಗ. ಅರ್ಧ ದಿನ ಹಿಡಿಯಿತು. ತಳದಲ್ಲಿ ಕೊಳವೆ ಹೋಗುತ್ತಿದ್ದ ತೂತಿಗೆ ಮರದ ಬಿರಡೆ ಬಡಿದು ಅರಗು ಹಾಕಿಸಿದ್ದೇನೆ. ಇಂಜಿನ್ನನ್ನು ಗಾಡಿಯಲ್ಲಿ ತರೀಕೆರೆ ಸ್ಟೇಷನ್ನಿಗೆ ಸಾಗಿಸಿ ಗೂಡ್ಸಿಗೆ ಹಾಕಿದೆ. ಬೀರೂರಿನಲ್ಲಿ ಗಾಡಿ ಬದಲಾಯಿಸಿ ಅಜ್ಜಂಪುರಕ್ಕೆ ಬರುತ್ತದೆ. ಒಂದು ತಿರುಪೂ ಕಡಿಮೆಯಿಲ್ಲ. ತೇಪೆಯೂ ಇದೆ.

ಪರೀಕ್ಷೆಗೆ ಐದು ವಾರ ಇರುವಾಗ ತಮ್ಮ ಇಂಜಿನ್ನನ್ನು ತಾವು ವಾಪಸು ಕೇಳಿದ್ದೀರಿ. ತೇಪೆಯ ಮಾತು ಎತ್ತಿದ್ದಕ್ಕೆ ಶಿಕ್ಷೆ ಎಂದು ಅರ್ಥವಾಯಿತು. ತಮ್ಮ ತಂಗಿ ಕಾರ್ಡು ಓದಿ, “ಅಣ್ಣ ಹಂಗೆ ಬರೆಯೋನಲ್ಲ, ಇನ್ನೊಂದ್ಸಲ ಕೇಳ್ರೀ” ಎಂದಳು. ಎರಡು ಪದದಲ್ಲಿ ಕೇಳುವುದೇನಿದೆ ಎಂದೆ.

ನಾವು ಒಂದೇ ಮನೆಯಲ್ಲಿ ಬೆಳೆದವರು. ನಮ್ಮಮ್ಮ ತಮ್ಮ ಸೋದರತ್ತೆ. ಅದೆಲ್ಲ ಸರಿ. ಇನ್ನು ಮುಂದೆ ನನಗೆ ಅಜ್ಜಂಪುರದಲ್ಲಿ ಪರಿಚಯದವರು ಯಾರೂ ಇಲ್ಲ.

ಶಿವಮೂರ್ತಪ್ಪ


ಅಜ್ಜಂಪುರ
7 ಫೆಬ್ರವರಿ 1962

ಶ್ರೀ ಶಿವಮೂರ್ತಪ್ಪನವರಿಗೆ,

ಬಹುವಚನ ನಿಮಗೊಬ್ಬರಿಗೇ ಬರುತ್ತದೆಂದು ತಿಳಿಯಬೇಡಿ.

ಮೊನ್ನೆ ಮಂಡಿಯಲ್ಲಿ ಹತ್ತು ಜನ ರೈತರು ಕೂತಿರುವಾಗ ಸ್ಟೇಷನ್ನಿನ ಹಮಾಲಿ ರಂಗಯ್ಯ ಬಂದು, “ಸ್ವಾಮೇರಾ, ನಿಮ್ ಇಂಜಿನ್ನು ತವರಿಗೆ ಬಂದೈತೆ” ಎಂದು ಕೂಗಿದ. “ಬಾಣಂತನಕ್ಕೋ, ಗಂಡ ಬಿಟ್ಟಿದ್ದಕ್ಕೋ?” ಎಂದು ಒಬ್ಬ ಕೇಳಿದ. ಅವತ್ತಿನಿಂದ ಊರಿನಲ್ಲಿ ಅದೇ ಮಾತು.

ನಿಮ್ಮ ಮದುವೆಗೆ ನಮ್ಮಪ್ಪ ದಾವಣಗೆರೆಗೆ ಹೋಗಿ ಜವಳಿ ತೆಗೆದರು. ಹಾಗೆಂದರೆ ಅಂಗಡಿಯ ಮುಂದೆ ನಿಂತು ಮೈಮೇಲಿನ ಬಟ್ಟೆ ಬಿಚ್ಚಿದರು ಎಂದು ಇಷ್ಟು ದಿನ ತಿಳಿದಿದ್ದಿರೋ? ಹೋದ ವರ್ಷ ಒಂದು ಜೊತೆ ಎತ್ತು ತೆಗೆದೆ ಎಂದು ನಾನು ಬರೆದಾಗ, ಮನೆಯಲ್ಲಿದ್ದ ಎತ್ತನ್ನು ಹೊರಗೆ ಅಟ್ಟಿದೆ ಎಂದುಕೊಂಡಿರೋ? ತೆಗೆ ಎಂದರೆ ಕೊಂಡುಕೋ. ಹೊಸ ಇಂಜಿನ್ ಕೊಂಡುಕೋ ಎಂದು ಬರೆದೆ. ಒಪ್ಪಿದೆ ಎಂದು ಬರೆದೆ. ನನ್ನ ತಂಗಿಗೆ ಅರ್ಥವಾದದ್ದು ನಿಮಗೆ ಆಗಲಿಲ್ಲ.

ಇನ್ನೊಂದು ವಿಷಯವನ್ನೂ ತಿಳಿದುಕೊಳ್ಳಿ. ಆ ಕಾರ್ಡು ಬರೆಯುವುದಕ್ಕೆ ಎರಡು ದಿನ ಮುಂಚೆ ನಾನೇ ಕಡೂರಿಗೆ ಹೋಗಿ, ನಿಮ್ಮ ತಿಮ್ಮರಾಯಪ್ಪನ ಹತ್ತಿರ ದೋಣಿಗೆ ಹೊಂದುವ ಹೊಸ ಇಂಜಿನ್ ಗೊತ್ತುಮಾಡಿ ಬಂದಿದ್ದೆ. ತವರಿನ ಮಾತು ಕೇಳಿದ ದಿನವೇ ಮತ್ತೆ ಕಡೂರಿಗೆ ಹೋದೆ. ಅದನ್ನು ಪಂಚನಹಳ್ಳಿಯ ಈರಪ್ಪನ ತೆಂಗಿನ ತೋಟಕ್ಕೆ ಕೊಟ್ಟುಬಿಡು ಎಂದು ಹೇಳಿದೆ. ಕೊಟ್ಟಿದ್ದಾನೆ.

ಮಾರ್ಚ್ ಒಂದಕ್ಕೆ ಏನು ಮಾಡುತ್ತೀರೋ ನೋಡೋಣ. ಮಂಡಿಯಲ್ಲಿ ಗೋಣಿಚೀಲ ಹೊಲಿಯುವ ಕೆಲಸ ಖಾಲಿಯಿದೆ. ಹಾಯಿ ಹೊಲಿದು ಅಭ್ಯಾಸವಿದೆಯಲ್ಲ.

ಬೆನಕಪ್ಪ


ಲಕ್ಕವಳ್ಳಿ
16 ಫೆಬ್ರವರಿ 1962

ಶ್ರೀ ಬೆನಕಪ್ಪನವರಿಗೆ,

‘ಹೊಸ’ ಎಂದು ಎರಡಕ್ಷರ ಮುಂದೆ ಸೇರಿಸಿದ್ದರೆ ಅಂಚೆಯವರು ಬೇಡ ಎನ್ನುತ್ತಿದ್ದರೇ? ಕಾರ್ಡಿನಲ್ಲಿ ಮುಕ್ಕಾಲು ಭಾಗ ಖಾಲಿಯಿತ್ತು.

ಜವಳಿ ತೆಗೆಯುವುದು ಅಂಗಡಿಯಿಂದ. ಇಂಜಿನ್ ಇದ್ದದ್ದು ನನ್ನ ದೋಣಿಯಲ್ಲಿ. ದೋಣಿಯಲ್ಲಿ ಕೂತಿರುವುದನ್ನು ತೆಗೆ ಎಂದರೆ ಯಾರಾದರೂ ಕೆಳಗೆ ಇಳಿಸುತ್ತಾರೆ. ಒಪ್ಪಿದವರು ಒಪ್ಪಿದೆ ಎಂದು ಬರೆಯಬೇಕು. ನಾನು ಕೇಳಿದ್ದೂ ಅದೇ. ಆ ಪದ ಬರೆಯಲು ತಮ್ಮ ಕೈ ಏಳಲಿಲ್ಲ, ಅದಕ್ಕೇ ಈ ಗತಿ.

ಚುನಾವಣೆಗೆ ಜೀಪುಗಳೆಲ್ಲ ಹೋಗಿರುವುದರಿಂದ ಪರೀಕ್ಷೆ ಮುಂದಕ್ಕೆ ಹೋಗಬಹುದು ಎಂದಿದ್ದರು. ವಿಚಾರಿಸಿದೆ, ಹೋಗಿಲ್ಲ. ಹಾಯಿಯಲ್ಲೇ ಪರೀಕ್ಷೆಗೆ ನಿಲ್ಲುತ್ತೇನೆ. ಹೋಗುವಾಗ ಗಾಳಿ ಬೆನ್ನಿಗೆ ಸಿಗುತ್ತದೆ. ಬರುವಾಗಿನದು ಆಮೇಲೆ ನೋಡಿದರಾಯಿತು.

ಗೋಣಿಚೀಲ ಬೇರೆಯವರಿಂದ ಹೊಲಿಸಿ. ತೇಪೆ ಯಾರು ಹಾಕಿದರೆಂಬ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಶಿವಮೂರ್ತಪ್ಪ


ಅಜ್ಜಂಪುರ
26 ಫೆಬ್ರವರಿ 1962

ಶಿವಮೂರ್ತಿ,

ನಾನು ಹಾಕಿದೆ.

ಸಾವಿರದ ಒಂಬೈನೂರ ನಲವತ್ತೆಂಟನೇ ಇಸವಿ, ಸೆಪ್ಟೆಂಬರ್. ಹೈದರಾಬಾದಿಗೆ ಸೈನ್ಯ ನುಗ್ಗಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಗಿರಣಿಯ ಕೂಲಿಯವರು ಸುತ್ತ ಕೂತು, ‘ಓದಿ ಸ್ವಾಮಿ, ಓದಿ’ ಎಂದರು. ಇಂಜಿನ್ನಿಗೆ ನೀರು ಕೊಡುವ ತೊಟ್ಟಿ ಬತ್ತಿದ್ದನ್ನು ನೋಡದೆ ಎರಡು ಪುಟ ಓದಿದೆ. ಸೀಳಿದ ಸದ್ದು ಕೇಳಿದ ಮೇಲೆ ಎದ್ದೆ. ಭಾನುವಾರ ಗಿರಣಿಗೆ ರಜ. ಬಾಗಿಲು ಹಾಕಿಕೊಂಡು ತಗಡು ಬಡಿದು ಹಸಿರು ಬಣ್ಣ ಹೊಡೆದೆ. ಸೋಮವಾರ ಒಡೆಯರು ಬಂದು ಬಣ್ಣ ಚೆನ್ನಾಗಿದೆ ಎಂದರು. ಅಲ್ಲಿಂದಾಚೆಗೆ ಅದರ ಬಗ್ಗೆ ಯಾರಿಗೂ ಹೇಳಿಲ್ಲ.

ನಿನ್ನ ದೋಣಿಗೆ ಕೂರಿಸುವಾಗಲೂ ನನಗೆ ಗೊತ್ತಿತ್ತು. ಹತ್ತು ವರ್ಷ ತಡೆದ ತೇಪೆ ಇನ್ನಷ್ಟು ತಡೆಯುತ್ತದೆ ಎಂದುಕೊಂಡೆ. ಮೂರು ಗಂಟೆ ಎಂದು ನೀನು ಬರೆದೆಯಲ್ಲ, ಆ ಕಾಗದ ಬಂದ ದಿನ ಊಟಕ್ಕೆ ಕೂತು ಎದ್ದುಬಿಟ್ಟೆ. ಕಾರ್ಡಿನಲ್ಲಿ ಒಪ್ಪಿದೆ ಎಂದು ಬರೆದರೆ ಅಂಚೆಯವನು ಓದಿ, ಏನನ್ನು ಒಪ್ಪಿದಿರಿ ಎಂದು ಕೇಳುತ್ತಾನೆ. ಅದಕ್ಕೇ ಅಷ್ಟು ಚಿಕ್ಕದಾಗಿ ಬರೆದೆ.

ಪಂಚನಹಳ್ಳಿಗೆ ಹೋಗಿದ್ದೆ. ಇಂಜಿನ್ ಪೆಟ್ಟಿಗೆಯಲ್ಲೇ ಇತ್ತು, ಬಾವಿಗೆ ಇನ್ನೂ ಇಳಿಸಿರಲಿಲ್ಲ. “ಒಂದ್ಸಲ ಕೊಡೋದು, ಒಂದ್ಸಲ ಕಿತ್ಕಳೋದು. ಇದೇನು ಬೀಗರಾಟವೇನ್ರೀ?” ಎಂದು ಈರಪ್ಪ ಆಳುಗಳ ಮುಂದೆ ಉಗಿದ. ಉಗಿಸಿಕೊಂಡು ವಾಪಸು ತಂದೆ. ಬೀರೂರಿನಿಂದ ಗೂಡ್ಸಿಗೆ ಹಾಕಿಸುತ್ತೇನೆ. ಮುಂದಿನ ವಾರದಲ್ಲಿ ತರೀಕೆರೆ ಸೇರುತ್ತದೆ.

ಇಷ್ಟು ಬರೆದೆ ಎಂದು ನಿನ್ನ ಮೇಲೆ ನಂಬಿಕೆ ಬಂತು ಎಂದುಕೊಳ್ಳಬೇಡ. ಪರವಾನಗಿ ನನ್ನ ಹೆಸರಿನಲ್ಲೇ ಇರಬೇಕು. ಎರಡಕ್ಷರ ಕಡಿಮೆಯಾದರೆ ದೋಣಿಯ ಕರುಳು ಕಿತ್ತು ಕಳಿಸುವವನ ಕೈಗೆ ಅದನ್ನು ಬಿಡುವುದಿಲ್ಲ.

ಮಾರ್ಚ್ ಒಂದಕ್ಕೆ ಪರೀಕ್ಷೆಗೆ ನಿಲ್ಲಬೇಡ. ಒಂದು ತಿಂಗಳ ಗಡುವು ಕೇಳು. ಏನೇ ಮಾಡಿದರೂ ಮಲ್ಲಿಯನ್ನು ಮಾತ್ರ ಆ ದೋಣಿಗೆ ಹತ್ತಿಸಬೇಡ.

ಬೆನಕಪ್ಪ


ಲಕ್ಕವಳ್ಳಿ
6 ಮಾರ್ಚ್ 1962

ಭಾವನಿಗೆ,

ನಿಮ್ಮ ಕಾಗದ ಮಾರ್ಚ್ ಎರಡಕ್ಕೆ ಬಂತು. ಪರೀಕ್ಷೆ ಹಿಂದಿನ ದಿನವೇ ಮುಗಿದಿತ್ತು.

ಇಂಜಿನ್ ಇದ್ದರೆ ದೋಣಿಗೆ ಒಬ್ಬ ಸಾಕು. ಹಾಯಿಗೆ ಇಬ್ಬರು ಬೇಕು, ಒಬ್ಬರು ಹಗ್ಗಕ್ಕೆ, ಒಬ್ಬರು ಚುಕ್ಕಾಣಿಗೆ. ಚುಕ್ಕಾಣಿಗೆಂದು ಗೊತ್ತುಮಾಡಿದ್ದ ಹೊನ್ನಯ್ಯ ಜ್ವರ ಬಂದು ಮಲಗಿದ. ಸಾಹೇಬರು ಕೈಗಡಿಯಾರ ಬಿಚ್ಚಿ ಹಿಡಿದುಕೊಂಡು ದೋಣಿಯಲ್ಲಿ ಕೂತಾಗಿತ್ತು. ನಾನು ದಡದ ಮೇಲೆ ಅತ್ತಿತ್ತ ನೋಡುತ್ತಿರುವಾಗ ಮಲ್ಲಿಕಾಂಬ ಸೀರೆ ಎತ್ತಿ ಕಟ್ಟಿ, ಬಂದು ಚುಕ್ಕಾಣಿ ಹಿಡಿದಳು. ನಾನು ಹತ್ತಿಸಲಿಲ್ಲ, ಅವಳೇ ಹತ್ತಿದಳು. “ಲೇ ಮಲ್ಲಿ, ಗಂಡನ್ನ ತಿರುಗ್ಸಿದಂಗೆ ತಿರುಗ್ಸೇ, ದಡ ಮುಟ್ತೀವಿ” ಎಂದು ಕಲ್ಲಮ್ಮ ಕೂಗಿದಳು. ಸಾಹೇಬರೂ ನಕ್ಕರು.

ಹೋಗಲು ಇಪ್ಪತ್ತೆರಡು ನಿಮಿಷ. ಬರುವಾಗ ಗಾಳಿ ಎದುರು. ಅಡ್ಡಡ್ಡ ಓಡಿಸಿ, ತಿರುಗಿಸಿ, ಮತ್ತೆ ಅಡ್ಡಡ್ಡ ಓಡಿಸಿ ಐವತ್ತೆಂಟು ನಿಮಿಷ. ಒಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ. ಸಾಹೇಬರು ಪುಸ್ತಕದಲ್ಲಿ ನಿಮ್ಮ ಹೆಸರು ಹೊಡೆದುಹಾಕಿದರು. ಇಂಜಿನ್ ಇಲ್ಲದ ದೋಣಿ ತಮ್ಮ ಲೆಕ್ಕಕ್ಕೆ ಬರುವುದಿಲ್ಲ, ಎಂಟು ಜನರಿಗಿಂತ ಹೆಚ್ಚು ಕೂರಿಸದೆ ಪಂಚಾಯ್ತಿಯಿಂದ ಚೀಟಿ ಪಡೆದು ನಡೆಸಿಕೊಳ್ಳಿ, ತಿಂಗಳೊಳಗೆ ಇಂಜಿನ್ ಕೂರಿಸಿದರೆ ಹೊಸದಾಗಿ ಅರ್ಜಿ ಹಾಕಿ, ಇಲ್ಲದಿದ್ದರೆ ಬೇರೆಯವರ ಲಾಂಚ್ ಬರುತ್ತದೆ ಎಂದರು.

ಪಂಚಾಯ್ತಿಯ ಗುಮಾಸ್ತ ಬಸವರಾಜ ದಡದಲ್ಲೇ ಕೂತು ಚೀಟಿ ಬರೆದ. ಚುಕ್ಕಾಣಿ ಹಿಡಿದವರ ಹೆಸರಿಗೆ ಬರೆಯುವುದು ಅವರ ಪದ್ಧತಿಯಂತೆ. ಮಲ್ಲಿಕಾಂಬ ಎಂದು ಬರೆದ. ದೋಣಿ ನನ್ನದು ಎಂದೆ. “ಇರಬೌದು ಕಣ್ರೀ, ದಡ ಮುಟ್ಸಿದ್ದು ಅವ್ರಲ್ವಾ?” ಎಂದ.

ಈಗ ದಿನವೂ ಎಂಟು ಜನ ದೋಣಿಯಲ್ಲಿ, ಹತ್ತು ಹನ್ನೆರಡು ಜನ ದಡದಲ್ಲಿ. ಉಳಿದವರು ನನ್ನನ್ನು ಬೈಯುತ್ತಾರೆ. ಅವಳನ್ನು ಯಾರೂ ಬೈಯುವುದಿಲ್ಲ.

ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದೆ. ತೇಪೆಯ ಭಾಗವನ್ನು ಎರಡು ಸಲ ಓದಿಸಿದಳು. ಪರವಾನಗಿ ನಿಮ್ಮ ಹೆಸರಿನಲ್ಲೇ ಇರಬೇಕು ಎಂಬಲ್ಲಿಗೆ ಬಂದಾಗ, ಅದು ಆಗದ ಮಾತು, ಈ ಸಲ ನನ್ನ ಹೆಸರಿಗೇ ಆಗಬೇಕು, ಇಲ್ಲದಿದ್ದರೆ ಹೊಸ ಇಂಜಿನ್ ತರೀಕೆರೆಯಲ್ಲೇ ತುಕ್ಕು ಹಿಡಿಯಲಿ ಎಂದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಅವಳ ಮಾತನ್ನು ಅವಳು ಹೇಳಿದಂತೆಯೇ ಬರೆಯುತ್ತೇನೆ, ಹಾಗೆ ಬರೆಯಬೇಕೆಂದು ಎದುರಿಗೆ ಕೂತಿದ್ದಾಳೆ.

“ಅಣ್ಣಂಗೆ ಬರೀರಿ. ಇಂಜಿನ್ನಿನ ಕಾಗ್ದ ನನ್ ಹೆಸ್ರಿಗೆ ಮಾಡ್ಸಿದ್ರೆ ಕಳಿಸ್ಲಿ. ಅವ್ನ ಹೆಸ್ರೂ ಬ್ಯಾಡ, ನಿಮ್ ಹೆಸ್ರೂ ಬ್ಯಾಡ. ಒಬ್ರು ತೇಪೆ ಮುಚ್ಚಿಟ್ರು, ಒಬ್ರು ಎರಡು ಪದ ಓದಕ್ಕಾಗ್ದೆ ಇಂಜಿನ್ನೇ ಕಿತ್ತಾಕಿದ್ರು. ಮೂರು ಗಂಟೆ ನೀರಿನ್ ಮಧ್ಯೆ ಕೂತಿದ್ದೋಳು ನಾನು. ಇಬ್ರಿಗೂ ಬ್ಯಾಡ ಅಂದ್ರೆ ಎಂಟೇ ಜನಾನ ದಾಟಿಸ್ತೀನಿ, ನಂಗೇನೂ ನಷ್ಟಿಲ್ಲ.”

ನಾನು ಒಪ್ಪಿಲ್ಲ. ಒಪ್ಪಿಲ್ಲ ಎಂದು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಆದರೆ ಚೀಟಿ ಅವಳ ಹೆಸರಿನಲ್ಲಿದೆ, ನಾಳೆ ಬೆಳಿಗ್ಗೆ ಅವಳು ಬಂದು ಚುಕ್ಕಾಣಿ ಹಿಡಿಯದಿದ್ದರೆ ದೋಣಿ ದಡ ಬಿಡುವುದಿಲ್ಲ. ಮುಂದಿನದು ನಿಮಗೆ ಬಿಟ್ಟದ್ದು.

ಶಿವಮೂರ್ತಪ್ಪ


ಅಜ್ಜಂಪುರ
15 ಮಾರ್ಚ್ 1962

ಚಿ. ಸೌ. ಮಲ್ಲಿಕಾಂಬಳಿಗೆ ಅಣ್ಣನ ಆಶೀರ್ವಾದ.

ಕಡೂರಿಗೆ ಹೋಗಿ ರಶೀದಿಯನ್ನು ನಿನ್ನ ಹೆಸರಿಗೆ ಬರೆಸಿ ಇದರೊಂದಿಗೆ ಇಟ್ಟಿದ್ದೇನೆ. ಹೆಂಗಸರ ಹೆಸರಿಗೆ ಇಂಜಿನ್ ರಶೀದಿ ಬರೆದದ್ದು ಇದೇ ಮೊದಲು ಎಂದು ತಿಮ್ಮರಾಯಪ್ಪ ಹೇಳಿದ. ಬರೆದುಕೊಡು, ಮಾತು ಬೇಡ ಎಂದೆ. ಪೆಟ್ಟಿಗೆ ತರೀಕೆರೆ ಗೂಡ್ಸ್ ಶೆಡ್ಡಿನಲ್ಲಿದೆ. ಗಾಡಿ ನೀನೇ ಮಾಡು. ಸಹಿ ನೀನೇ ಹಾಕು.

ನಿನ್ನ ಗಂಡನಿಗೆ ಅದರ ಹ್ಯಾಂಡಲ್ ಮುಟ್ಟಲು ಬಿಡಬೇಡ. ಅವನಿಗೆ ಈ ಕಾಗದ ಓದಿ ಹೇಳುವುದಾದರೆ ಈ ಸಾಲನ್ನೂ ಓದು.

ಶುರು ಮಾಡುವುದನ್ನು ನಿನಗೆ ಕಲಿಸಲು ಭಾನುವಾರ ಬರುತ್ತೇನೆ. ನಾನು ದೋಣಿ ಹತ್ತುವುದಿಲ್ಲ. ದಡದಲ್ಲಿ ನಿಂತು ಕೂಗಿ ಹೇಳುತ್ತೇನೆ, ನೀನು ಮಾಡು.

ಬೆನಕಪ್ಪ